ಉಸಿರು ತೆಗೆದುಕೊಳ್ಳುವ ಜಾಗ

ಜೂನ್ 2, ಸೋಮವಾರ

ನಾನು ದಿನಚರಿ ಬರೆಯಲು ಕೂತಿದ್ದೇನೆಂದು ಗೊತ್ತಾದರೆ ಸೋದರತ್ತೆ ನಕ್ಕು ನಕ್ಕು ಸುಸ್ತಾಗುತ್ತಾಳೆ. ಮೂವತ್ತು ದಾಟಿದವಳಿಗೆ ಇದೆಲ್ಲ ಯಾಕೆ ಎಂದು ನನಗೂ ಅನ್ನಿಸಿದೆ. ಆದರೆ ದಿನದ ಸುದ್ದಿಯನ್ನೆಲ್ಲ ಹೇಳಲು ನನಗೆ ಅಮ್ಮ ಇದ್ದಳು. ಬರುವ ವಾರಕ್ಕೆ ಅವಳು ತೀರಿಹೋಗಿ ವರ್ಷ. ಹೇಳಬೇಕಾದದ್ದೆಲ್ಲ ಹೊಟ್ಟೆಯಲ್ಲೇ ಉಳಿದು ಅಜೀರ್ಣವಾದಂತಾಗಿದೆ. ಅಪ್ಪನಿಗೆ ಹೇಳೋಣವೆಂದರೆ ಅವರು ಮಾತಿನ ಮನುಷ್ಯರಲ್ಲ. ಬೀಗ ರಿಪೇರಿ ಅಂಗಡಿಯಲ್ಲಿ ದಿನವಿಡೀ ಬೀಗಗಳ ಜೊತೆ ಕೂತು ಅವರಿಗೂ ಅದೇ ಅಭ್ಯಾಸವಾಗಿದೆ. ಸರಿಯಾದ ಕೀಲಿಕೈ ಹಾಕಿದರೆ ಮಾತ್ರ ಬಾಯಿ ತೆರೆಯುತ್ತದೆ.

ಆ ಕೀಲಿಕೈ ಹಾಡು. ಅಪ್ಪ ನಮ್ಮ ಚರ್ಚಿನ ಸಭೆಯ ಹಾಡುಗಾರರ ತಂಡಕ್ಕೆ, ಕ್ವಾಯರಿಗೆ, ಮೇಷ್ಟ್ರು. ನಮ್ಮದು ನಾಲ್ಕು ದನಿಯ ಕ್ವಾಯರ್. ರಾಗ, ಅಂದರೆ ಹಾಡಿನ ಮುಖ್ಯ ಎಳೆ, ಎತ್ತರದ ದನಿಯ ಸೊಪ್ರಾನೊ ಹೆಂಗಸರ ಪಾಲು, ತಳದಲ್ಲಿ ಗಂಡಸರ ಬೇಸ್, ನಡುವೆ ಸಿಕ್ಕಿಕೊಂಡವರು ಟೆನರ್ ಗಂಡಸರು ಮತ್ತು ಆಲ್ಟೊ ಹೆಂಗಸರು. ನಾನು ಚಿಕ್ಕಂದಿನಿಂದಲೂ ಆಲ್ಟೊ. ಆಲ್ಟೊಗಳ ಪಾಡು ಯಾರಿಗೂ ಬೇಡ. ಇಡೀ ಸಾಲಿಗೆ ಎರಡೋ ಮೂರೋ ಸ್ವರ, ಅದನ್ನೇ ತಿರುಗಿಸಿ ಮುರುಗಿಸಿ ಹಾಡಬೇಕು. ರಾಗ ಮಾತ್ರ ನಮ್ಮ ತಲೆಯ ಮೇಲೆ ಎಲ್ಲೋ ಸುಖವಾಗಿ ಓಡಾಡುತ್ತಿರುತ್ತದೆ.

ಊಟವಾದ ಮೇಲೆ ಅಪ್ಪ ಪಾತ್ರೆ ತೊಳೆಯುತ್ತಾರೆ, ನಾನು ಒರೆಸುತ್ತೇನೆ. ಜೋಡಿಸಿಡುತ್ತಿದ್ದವಳು ಅಮ್ಮ. ಆಗ ಮೂವರೂ ಹಾಡುತ್ತಿದ್ದೆವು, ರಾಗ ಅಮ್ಮನದು. ಅವಳದೊಂದು ಕೆಟ್ಟ ಚಾಳಿಯಿತ್ತು, ಪದದ ನಡುವೆ ಉಸಿರು ತೆಗೆದುಕೊಳ್ಳುತ್ತಿದ್ದಳು. “ಕರು” ಎಂದು ನಿಲ್ಲಿಸಿ, ಉಸಿರೆಳೆದು, ಆಮೇಲೆ “ಣೆಯ ನೆರಳಲಿ” ಎನ್ನುವಳು. ಅಪ್ಪ ಮದುವೆಯಾದಾಗಿನಿಂದ ತಿದ್ದಿದರು. “ಕರುಣೆನ ಎರಡು ತುಂಡು ಮಾಡ್ಬೇಡ್ವೇ!” “ಎರಡು ತುಂಡಾದ್ರೆ ಇಬ್ಬರಿಗೆ ಸಿಗತ್ತಲ್ಲ, ಬಿಡಿ” ಎಂದು ಅವಳು ಮುಂದುವರಿಸುವಳು.

ಈಗಲೂ ಅಪ್ಪ, ನಾನು ಹಾಡುತ್ತೇವೆ. ಬೇಸ್ ಇದೆ, ಆಲ್ಟೊ ಇದೆ, ರಾಗ ಇಲ್ಲ. ಹೊರಗಿನವರು ಕೇಳಿದರೆ ಇಬ್ಬರು ಬೇರೆ ಬೇರೆ ಹಾಡು ಹೇಳುತ್ತಿದ್ದಾರೆ ಅಂದುಕೊಳ್ಳಬೇಕು. ನಮಗಿಬ್ಬರಿಗೂ ಮಾತ್ರ ನಡುವಿನದು ಕೇಳಿಸುತ್ತದೆ. ಇಡೀ ದಿನದಲ್ಲಿ ನಾನೂ ಅಪ್ಪನೂ ಜೊತೆಗಿರುವುದು ಅದೊಂದೇ ಹೊತ್ತು.

ಕರ್ತನಿಗೆ ಸ್ತೋತ್ರ.

ಜೂನ್ 5, ಗುರುವಾರ

ಇವತ್ತು ನನಗೊಂದು ಅಡ್ಡ ಹೆಸರು ಬಿತ್ತು.

ಲಾಂಡ್ರಿಯಲ್ಲಿ ನನ್ನ ಹಳೆಯ ಜೊತೆಗಾತಿ ಕೆಲಸ ಬಿಟ್ಟಳು. ಹೊಸದಾಗಿ ಸಿಕ್ಕವಳು ರೇಡಿಯೊ ಅಕ್ಕ. ಅವಳು ಇರುವ ಕಡೆ ರೇಡಿಯೊ ಇರುತ್ತದೆ, ಅದಕ್ಕೇ ಆ ಹೆಸರು. ನಮ್ಮ ಕೆಲಸ ಒಬ್ಬರಿಂದ ಆಗುವುದಲ್ಲ. ಹೋಟೆಲುಗಳ ಹಾಸಿಗೆ ಬಟ್ಟೆಗಳು ದೊಡ್ಡ ಇಸ್ತ್ರಿ ರೋಲರಿನಿಂದ ಬಿಸಿಬಿಸಿಯಾಗಿ ಹೊರಬರುತ್ತವೆ. ಆಚೆಯ ಎರಡು ಮೂಲೆ ಅವಳು, ಈಚೆಯ ಎರಡು ನಾನು ಹಿಡಿಯಬೇಕು. ಜಗ್ಗಿ, ಮಡಿಸಿ, ಎದುರುಬದುರು ನಡೆದು ಬಂದು ಅಂಚಿಗೆ ಅಂಚು ಸೇರಿಸಬೇಕು. ಇಬ್ಬರ ಹೆಜ್ಜೆಯೂ ಒಂದೇ ಆಗಿರಬೇಕು. ಅದಕ್ಕೆ ಹಾಡಿಗಿಂತ ಒಳ್ಳೆಯದು ಇಲ್ಲ ಎನ್ನುತ್ತಾಳೆ ಅಕ್ಕ.

ನಮ್ಮ ಮನೆಯಲ್ಲಿ ರೇಡಿಯೊ ಇರುವುದು ವಾರ್ತೆಗೆ. ವಾರ್ತೆ ಓದುವವರು ಕೊನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಅಪ್ಪನ ಕೈ ಗುಂಡಿಯ ಮೇಲಿರುತ್ತದೆ, ಆಮೇಲಿನ ಹಾಡು ಶುರುವಾಗಬಾರದು. ಕ್ವಾಯರಿಗೆ ಸೇರುವಾಗ ನಾವೆಲ್ಲ ಪ್ರತಿಜ್ಞೆ ಮಾಡಿದ್ದೇವೆ, ದೇವರ ಹಾಡು ಹಾಡುವ ಬಾಯಲ್ಲಿ ಲೋಕದ ಹಾಡು ಹಾಡುವುದಿಲ್ಲ ಎಂದು. ಹಾಡಿದವರು ಕ್ವಾಯರ್ ಬಿಡಬೇಕು. ಕೇಳುವುದರ ಬಗ್ಗೆ ಪ್ರತಿಜ್ಞೆಯಲ್ಲಿ ಏನೂ ಇಲ್ಲ, ಆದ್ದರಿಂದ ನಾನು ಕೇಳಿದೆ.

ಛತ್ರಿಯ ಬಗ್ಗೆ ಒಂದು ಹಾಡು ಬಂತು.

ಛತ್ರಿ ಮರೆತು ಹೋದೆಯಲ್ಲ, ಬಾಗಿಲ ಹಿಂದೆ ಹಾಗೇ ಇದೆ
ಮಳೆಗೆ ಏನು ಹೇಳಲಿ ನಾನು, ದಿನವೂ ಬಂದು ಕೇಳುತಿದೆ

ಮಾತು ಬೇಸರದ್ದು, ತಾಳ ಕುಣಿಯುವಂಥದ್ದು. ಬಟ್ಟೆ ಮಡಿಸುತ್ತ ಯಾವಾಗ ನಾನೂ ಗುನುಗಿದೆನೋ ಗೊತ್ತಿಲ್ಲ. ರಾಗವಲ್ಲ, ಅಭ್ಯಾಸಬಲದಿಂದ ಅದರ ಕೆಳಗೊಂದು ಆಲ್ಟೊ. ಹಾಡು ಮುಗಿಯಿತು. ನಮ್ಮ ಹಾಡು ಮುಗಿದರೆ ಏನು ಮಾಡುತ್ತೇವೋ ಅದನ್ನೇ ಮಾಡಿದೆ. ಜೋರಾಗಿ, ಉದ್ದಕ್ಕೆ ಎಳೆದು, “ಆ...ಮೆನ್.”

ರೋಲರ್ ಒಂದು ಬಿಟ್ಟು ಮಿಕ್ಕವರೆಲ್ಲ ಕೆಲಸ ನಿಲ್ಲಿಸಿದರು. ರೇಡಿಯೊ ಅಕ್ಕ ಬಟ್ಟೆಯ ತುದಿ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ಊಟದ ಹೊತ್ತಿಗೆ ಇಡೀ ಲಾಂಡ್ರಿಗೆ ನಾನು “ಆಮೆನ್” ಆಗಿದ್ದೆ. “ಆಮೆನ್, ಆ ದಿಂಬಿನ ಚೀಲ ಈ ಕಡೆ ಕೊಡೇ” ಎನ್ನುತ್ತಾರೆ. ಕರೆದಾಗ ಓಗೊಡುತ್ತೇನೆ, ಮತ್ತೇನು ಮಾಡಲಿ?

ಗುನುಗಿದ್ದು ಹಾಡಿದಂತಾಯಿತೇ? ಕ್ಷಮಿಸಬೇಕೆಂದು ಪ್ರಾರ್ಥಿಸಿದೆ. ಕರ್ತನಿಗೆ ಸ್ತೋತ್ರ.

ಜೂನ್ 11, ಬುಧವಾರ

ಛತ್ರಿ ತಲೆಯಿಂದ ಇಳಿಯುತ್ತಿಲ್ಲ. ಹಲ್ಲುಜ್ಜುವಾಗ ಛತ್ರಿ, ಬಸ್ಸಿನಲ್ಲಿ ಛತ್ರಿ. ನಿನ್ನೆ ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಮೊದಲು ಬಂದದ್ದು ಛತ್ರಿಯೇ.

ನಾಚಿಕೆ ಬಿಟ್ಟು ಪಾಸ್ಟರಮ್ಮನ ಹತ್ತಿರ ಹೇಳಿದೆ. ಪಾಸ್ಟರ ಹೆಂಡತಿಯಾದರೂ ಬೈಯುವವರಲ್ಲ. “ಅಯ್ಯೋ, ಅದಕ್ಯಾಕಮ್ಮ ಅಷ್ಟು ಚಿಂತೆ? ಆ ಹಾಡು ಬಂದಾಗೆಲ್ಲ ಅದೇ ಸ್ವರಕ್ಕೆ ದೇವರ ಹಾಡಿನ ಮಾತು ಹಾಕಿ ಹಾಡಿಬಿಡು. ನಾಲ್ಕು ದಿನಕ್ಕೆ ಅದು ತಾನಾಗೇ ಓಡಿಹೋಗತ್ತೆ” ಎಂದರು. ಅವರ ತವರಿನಲ್ಲಿ ಎಲ್ಲರೂ ಮಾಡುತ್ತಿದ್ದ ಉಪಾಯವಂತೆ.

ಆಯಿತು. ಛತ್ರಿಯ ಸ್ವರಕ್ಕೆ “ಕರುಣೆಯ ನೆರಳಲಿ” ಹಾಡಿನ ಮಾತು ಕೂರಿಸಿದ್ದೇನೆ. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು.

ಕರ್ತನಿಗೆ ಸ್ತೋತ್ರ. ಇವತ್ತು ನಿಜವಾಗಿಯೂ.

ಜೂನ್ 15, ಭಾನುವಾರ

ಪಾಸ್ಟರಮ್ಮನ ಉಪಾಯಕ್ಕೆ ಬೆಂಕಿ ಬಿತ್ತು.

ಇವತ್ತಿನ ಆರಾಧನೆಯಲ್ಲಿ ಬೇರೆ ಯಾವ ಹಾಡಾದರೂ ಇರಬಹುದಿತ್ತು. ಅಪ್ಪ ಆರಿಸಿದ್ದು “ಕರುಣೆಯ ನೆರಳಲಿ”. ಅಪ್ಪನ ಕೈ ಎದ್ದಿತು, ಸೊಪ್ರಾನೊದವರು ರಾಗ ಎತ್ತಿದರು, ನಾನು ಬಾಯಿ ತೆರೆದೆ. ಮಾತು ದೇವರದ್ದೇ. ಸ್ವರ ಮಾತ್ರ ಛತ್ರಿಯದು. ನಾಲ್ಕು ದಿನ ಎರಡನ್ನೂ ಜೊತೆಗೆ ಕಟ್ಟಿ ಹಾಕಿದ್ದೆನಲ್ಲ, ಒಂದನ್ನು ಕರೆದರೆ ಇನ್ನೊಂದೂ ಬಂತು.

ನಾನೊಬ್ಬಳೇ ಆಗಿದ್ದರೆ ಮುಚ್ಚಿಹೋಗುತ್ತಿತ್ತು. ನನ್ನ ಪಕ್ಕದಲ್ಲಿ ನಿಲ್ಲುವವಳು ಅತ್ತೆ, ಅಪ್ಪನ ಅಕ್ಕ. ಕಿವಿ ಮಂದ, ಕಣ್ಣೂ ಅಷ್ಟಕ್ಕಷ್ಟೆ. ನನ್ನ ಬಾಯಿ ನೋಡಿಕೊಂಡು ನನ್ನ ಹಿಂದೆಯೇ ಹಾಡುತ್ತಾಳೆ. ಅವಳೂ ನಿಷ್ಠೆಯಿಂದ ಛತ್ರಿ ಹಿಡಿದಳು! ಆಲ್ಟೊ ಎಂದರೆ ನಾವಿಬ್ಬರೇ. ಎರಡನೇ ಚರಣದ ಹೊತ್ತಿಗೆ ಟೆನರಿನವರು ಅತ್ತಿತ್ತ ತೂಗಲು ಶುರುಮಾಡಿದರು. ಯಾವತ್ತೂ ಕಂಬದ ಹಾಗೆ ನಿಲ್ಲುವ ಜನ. ಪಾಸ್ಟರ ಬಲಗಾಲು ತಾಳ ಹಾಕಿದ್ದನ್ನೂ ನೋಡಿದೆ.

ಅಪ್ಪ ಒಮ್ಮೆ ನನ್ನ ಕಡೆ ತಿರುಗಿದರು. ಕೈ ನಿಲ್ಲಲಿಲ್ಲ. ಹಾಡು ಮುಗಿಯುವವರೆಗೂ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಆರಾಧನೆ ಮುಗಿದ ಮೇಲೆ ಮೂರು ಜನ ಬಂದು ಇವತ್ತಿನ ಹಾಡು ತುಂಬ ಚೆನ್ನಾಗಿತ್ತು, ಪವಿತ್ರಾತ್ಮ ಇಳಿದು ಬಂದ ಹಾಗಿತ್ತು ಎಂದು ಅಪ್ಪನ ಕೈ ಕುಲುಕಿದರು.

ಜೂನ್ 16, ಸೋಮವಾರ

ಪಾತ್ರೆ ತೊಳೆಯುವಾಗ ಅಪ್ಪ ಕೇಳಿದರು.

“ನಿನ್ನೆ ಹಾಡಿದ್ಯಲ್ಲ, ಯಾವ್ದದು?”

“ತಪ್ಪಾಯ್ತಪ್ಪ.”

“ತಪ್ಪು ಅಂತ ನಾನೆಲ್ಲಿ ಅಂದೆ? ಸ್ವರ ಎಲ್ಲ ಕೂತಿತ್ತು. ಯಾವ್ದು ಅಂತ ಕೇಳ್ದೆ.”

“ಹಾಗೇ... ಸುಮ್ನೆ ಬಂತು.”

ಅಪ್ಪ ಬಾಣಲೆಯ ತಳ ಉಜ್ಜಿದರು, ಅಲ್ಲಿ ಇಲ್ಲದ ಮಸಿಯನ್ನು ಹುಡುಕಿ ಉಜ್ಜಿದರು. “ಸುಮ್ನೆ ಬಂದಿದ್ದು ಹಾಗೆ ಬರಲ್ಲ” ಎಂದರು. ಬೇರೆ ಬೀಗದ ಕೀಲಿಕೈ ಕೈಗೆ ಸಿಕ್ಕಾಗಲೂ ಹೀಗೇ ತಿರುಗಿಸಿ ತಿರುಗಿಸಿ ನೋಡುತ್ತಾರೆ. ಆಮೇಲೆ ಬೇಸ್ ಎತ್ತಿದರು, ನಾನು ಆಲ್ಟೊ ಹಿಡಿದೆ. ಸರಿಯಾದದ್ದು.

ಜೂನ್ 24, ಮಂಗಳವಾರ

ಇವತ್ತು ಅತ್ತುಬಿಟ್ಟೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಓದುವವರು ಯಾರೂ ಇಲ್ಲವಲ್ಲ.

ಛತ್ರಿಯ ಹಾಡು ಬಂತು. “ಬಾಗಿಲ ಹಿಂದೆ ಹಾಗೇ ಇದೆ” ಎಂಬಲ್ಲಿಗೆ ನಮ್ಮ ಬಾಗಿಲ ಹಿಂದೆ ತೂಗುಹಾಕಿರುವ ಅಮ್ಮನ ಕೈಚೀಲ ನೆನಪಾಯಿತು. ಒಳಗೆ ಅವಳ ಕನ್ನಡಕ, ಒಂದು ಬಸ್ ಟಿಕೆಟ್, ಅರ್ಧ ತಿಂದಿಟ್ಟ ಪೆಪ್ಪರ್‌ಮಿಂಟ್. ಅಪ್ಪ ತೆಗೆದಿಲ್ಲ, ನಾನೂ ತೆಗೆದಿಲ್ಲ. ಕೈಯಲ್ಲಿ ಡಬಲ್ ಕಾಟಿನ ಬಟ್ಟೆ, ನಾಲ್ಕು ಮೂಲೆಯೂ ನೆಟ್ಟಗಿರಬೇಕು, ಕಣ್ಣೀರು ಒರೆಸಿಕೊಳ್ಳಲು ಕೈ ಬಿಡುವಿಲ್ಲ. ಹಾಗೇ ಅಳುತ್ತ, ಹಾಗೇ ಮಡಿಸಿದೆ.

ರೇಡಿಯೊ ಅಕ್ಕ ಏನಾಯಿತೆಂದು ಕೇಳಲಿಲ್ಲ. ಹೆಜ್ಜೆ ನಿಧಾನ ಮಾಡಿದಳು, ಅಷ್ಟೇ. ಅಂಚು ಸೇರಿಸಲು ಹತ್ತಿರ ಬಂದಾಗ, “ಮುಂದಿನದೂ ದೊಡ್ಡದೇ ಕಣೇ, ಆರಾಮಾಗಿ ಅತ್ಕೋ” ಎಂದಳು. ಅಳುತ್ತಲೇ ನಗು ಬಂತು.

ಅಮ್ಮ ಹೋದಾಗ ನಾನು ಅತ್ತಿರಲಿಲ್ಲ. ಸಭೆಯವರೆಲ್ಲ ಬಂದು, ಅವಳು ಕರ್ತನ ಬಳಿ ಸುಖವಾಗಿದ್ದಾಳೆ, ಸಂತೋಷಪಡಬೇಕು ಎಂದಿದ್ದರು. ಪ್ರೀತಿಯಿಂದಲೇ ಹೇಳಿದ್ದರು. ನಾನೂ ವರ್ಷವಿಡೀ ಸಂತೋಷಪಡಲು ತುಂಬ ಕಷ್ಟಪಟ್ಟೆ. ಅವಳು ಇಲ್ಲ, ಅವಳ ಚೀಲ ಇದೆ, ಇದು ಬೇಸರದ ವಿಷಯ ಎಂದು ಮೊದಲು ಹೇಳಿದ್ದು ಈ ಲೋಕದ ಹಾಡು.

ಅತ್ತ ಮೇಲೆ ಹಸಿವಾಯಿತು. ಅಕ್ಕನ ಡಬ್ಬಿಯಲ್ಲೂ ಪಾಲು ತೆಗೆದುಕೊಂಡೆ.

ಜುಲೈ 3, ಗುರುವಾರ

ನಿನ್ನೆ ಮಲಗುವಾಗ ಪ್ರಾರ್ಥನೆ ಮರೆತೆ. ಮೊನ್ನೆಯೂ ಮರೆತಿರಬೇಕು. ಭಾನುವಾರ ಎಲ್ಲ ಸೇರಿಸಿ ಒಟ್ಟಿಗೆ ಮಾಡುತ್ತೇನೆ.

ಲಾಂಡ್ರಿಯಲ್ಲಿ ಹೊಸ ಹಾಡು. ಬಸ್ ಕಂಡಕ್ಟರನನ್ನು ಪ್ರೀತಿಸುವ ಹುಡುಗಿಯದು. ಪ್ರತಿ ಸಲ ಟಿಕೆಟ್ ಕೇಳಿದಾಗಲೂ ಇಳಿಯುವ ಜಾಗ ಬದಲಿಸುತ್ತಾಳೆ. ಬಹಳ ಚೆನ್ನಾಗಿದೆ.

ಜುಲೈ 9, ಬುಧವಾರ

ಲಾಂಡ್ರಿ ಶುರುವಾಗಿ ಇಪ್ಪತ್ತೈದು ವರ್ಷವಂತೆ. ಮುಂದಿನ ತಿಂಗಳ ಮೊದಲ ಶನಿವಾರ ಸಂಜೆ ಯಜಮಾನರು ನಮ್ಮ ನಮ್ಮ ಮನೆಯವರನ್ನೂ ಕರೆದು ಊಟ ಹಾಕಿಸುತ್ತಾರೆ. ಕೆಲಸದವರೇ ಹಾಡು, ಕುಣಿತ ಏನಾದರೂ ಮಾಡಬೇಕು. ರೇಡಿಯೊ ಅಕ್ಕ ನನ್ನನ್ನು ಕೇಳದೇ “ಆಮೆನ್ ಛತ್ರಿ ಹಾಡ್ತಾಳೆ” ಎಂದು ಹೇಳಿಬಿಟ್ಟಿದ್ದಾಳೆ.

ಜಗಳವಾಡಿದೆ. “ಅಕ್ಕಾ, ನಾನು ಲೋಕದ ಹಾಡು ಹಾಡೋ ಹಾಗಿಲ್ಲ.”

“ದಿನಾ ಏನ್ಮಾಡ್ತಿದ್ದೀಯ ಹಾಗಾದ್ರೆ?”

ಕೈಯಲ್ಲಿದ್ದ ಬಟ್ಟೆಯ ಮೂಲೆ ಜಗ್ಗಿದೆ. ಎಲ್ಲಿ, ಹಾಡು ನೋಡೋಣ ಎಂದು ರೇಡಿಯೊ ಆರಿಸಿದಳು. ಹಾಡಿದೆ. ಅಕ್ಕನ ಮುಖ ಸಪ್ಪಗಾಯಿತು. “ಇದ್ಯಾವ ಹಾಡೇ?”

“ಛತ್ರಿದು.”

“ಇದು ಛತ್ರಿ ಅಲ್ಲ ಕಣೇ, ಛತ್ರಿ ಕಡ್ಡಿ!”

ಆಗ ಗೊತ್ತಾಯಿತು. ನಾನು ಹಾಡುತ್ತಿದ್ದದ್ದು ಆಲ್ಟೊ. ರೇಡಿಯೊ ಇಲ್ಲದಿದ್ದರೆ ಅದು ಹಾಡೇ ಅಲ್ಲ. ರಾಗ ಹಾಡಲು ನೋಡಿದೆ, ಎರಡು ಸ್ವರ ಹತ್ತಿದರೆ ಮೂರನೆಯದಕ್ಕೆ ಜಾರಿ ನನ್ನ ಹಳೆಯ ಜಾಗಕ್ಕೇ ಬಂದು ಬೀಳುತ್ತೇನೆ. ನನ್ನ ಜನ್ಮದಲ್ಲಿ ನಾನು ಒಂದೇ ಒಂದು ರಾಗವನ್ನೂ ಮೊದಲಿಂದ ಕೊನೆಯವರೆಗೆ ಹಾಡಿಲ್ಲ! ಸಭೆಯ ಹಾಡುಗಳನ್ನೂ ಅಷ್ಟೇ. ಯಾರೋ ಹಾಡುತ್ತಿರುತ್ತಾರೆ, ನಾನು ಕೆಳಗೆ ಸೇರಿಕೊಂಡಿರುತ್ತೇನೆ. ಇದು ಇಷ್ಟು ದಿನ ಗಮನಕ್ಕೇ ಬಂದಿರಲಿಲ್ಲ.

ಅಕ್ಕ ಕಲಿಸುತ್ತಾಳಂತೆ. ಬೇಡ ಎನ್ನುವುದನ್ನು ಮರೆತೆ.

ಜುಲೈ 15, ಮಂಗಳವಾರ

ಮೊದಲ ಸಾಲು ಬಂತು! ಪೂರ್ತಿ! ರೋಲರಿನ ಸದ್ದಿನಲ್ಲಿ ಯಾರಿಗೂ ಕೇಳಿಸದೆಂದು ಬಾಯಿ ತುಂಬ ಹಾಡಿದೆ. ಎಲ್ಲರಿಗೂ ಕೇಳಿಸಿತು. ದಿಂಬಿನ ಚೀಲ ಮಡಿಸುವವರು ಚಪ್ಪಾಳೆ ತಟ್ಟಿದರು.

ಜುಲೈ 20, ಭಾನುವಾರ

ಆರಾಧನೆಯಲ್ಲಿ ಎಲ್ಲರೂ ಎದ್ದು ನಿಂತು “ನಂಬುತ್ತೇನೆ” ಎಂದು ಒಟ್ಟಿಗೆ ಹೇಳುವ ಭಾಗ ಬಂತು. ನನ್ನ ಬಾಯಿ ತೆರೆಯಲಿಲ್ಲ. ಹಟ ಮಾಡಿದ್ದಲ್ಲ. ಬಸ್ಸಿನಲ್ಲಿ ಇಳಿಯುವ ಜಾಗ ಯಾವುದೆಂದು ಕೇಳಿದರೆ ಹಳೆಯ ಮನೆಯ ವಿಳಾಸ ಹೇಳಲು ಬಾಯಿ ಬಾರದಲ್ಲ, ಹಾಗೆ.

ನನ್ನ ಬಾಯಿ ಮುಚ್ಚಿದ್ದು ನೋಡಿ ಅತ್ತೆಯೂ ಮುಚ್ಚಿದಳು. ಇಡೀ ಆಲ್ಟೊ ವಿಭಾಗ ಆ ಹೊತ್ತಿಗೆ ಏನನ್ನೂ ನಂಬಲಿಲ್ಲ. ಅತ್ತೆ ಗಾಬರಿಯಾಗಿ ನನ್ನ ತೋಳು ತಿವಿದು, “ಪುಟ ತಿರುಗ್ಸೋದಾ?” ಎಂದು ಕೇಳಿದಳು. ಪಾಪ ಅನ್ನಿಸಿ ಕೊನೆಯ ಎರಡು ಸಾಲು ಬಾಯಿ ಆಡಿಸಿದೆ.

ಬಾಯಿ ಆಡಿಸುವುದು ಮೋಸ. ದೇವರಿಗೆ ಎನ್ನಲಾರೆ, ಆ ಕಡೆ ಯಾರಾದರೂ ಕೇಳುತ್ತಿದ್ದಾರೆ ಎಂದು ನನಗೆ ಅನ್ನಿಸುವುದೇ ನಿಂತಿದೆ. ಯಾವಾಗ ನಿಂತಿತು ಎಂದು ಈ ಪುಟಗಳನ್ನು ತಿರುವಿ ನೋಡಿದರೂ ಸಿಗಲಿಲ್ಲ. ಮೋಸ ಆಗುತ್ತಿರುವುದು ಅಪ್ಪನಿಗೆ. ಆ ಕೈ ಎತ್ತಿದಾಗ ಎದುರಿಗಿರುವವರೆಲ್ಲ ನಿಜವಾಗಿಯೂ ಹಾಡುತ್ತಿದ್ದಾರೆ ಎಂದು ಅವರು ತಿಳಿದಿದ್ದಾರೆ.

ಹೇಳಬೇಕು. ಹೇಳಿದರೆ ಕ್ವಾಯರ್ ಹೋಗುತ್ತದೆ, ಅದು ಹೋಗಲಿ. ಆದರೆ ಪಾತ್ರೆ ತೊಳೆಯುವಾಗ ಏನು ಹಾಡುವುದು? ನಮಗಿಬ್ಬರಿಗೂ ಗೊತ್ತಿರುವುದೆಲ್ಲ ದೇವರ ಹಾಡೇ. ಅದಿಲ್ಲದಿದ್ದರೆ ಅಪ್ಪ ಒಂದು ಕೋಣೆ, ನಾನು ಒಂದು ಕೋಣೆ. ನನಗೆ ಹೆದರಿಕೆ ಇರುವುದು ನರಕದ್ದಲ್ಲ, ಅದರದು.

ಜುಲೈ 21, ಸೋಮವಾರ

ಹೇಳಿದೆ.

ಅಪ್ಪ ತೊಳೆಯುತ್ತಿದ್ದರು. ಬೇಸ್ ಎತ್ತಲು ಗಂಟಲು ಸರಿಮಾಡಿಕೊಂಡರು. ಅದಕ್ಕೆ ಮೊದಲೇ ಶುರುಮಾಡಿದೆ.

“ಅಪ್ಪ, ನಂಗೆ ನಂಬಿಕೆ ಇಲ್ಲ ಈಗ. ಪ್ರಯತ್ನ ಮಾಡ್ದೆ. ಸುಳ್ಳು ಸುಳ್ಳೇ ಹಾಡೋಕೆ ಮನಸ್ಸಿಲ್ಲ. ಕ್ವಾಯರ್ ಬಿಡ್ತೀನಿ.”

ನಲ್ಲಿ ನೀರು ಸುರಿಯುತ್ತಲೇ ಇತ್ತು. ಅಪ್ಪ ನಿಲ್ಲಿಸಲಿಲ್ಲ. ಬೈಯುತ್ತಾರೆ, ಅಳುತ್ತಾರೆ, ಪಾಸ್ಟರನ್ನು ಕರೆಸುತ್ತಾರೆ ಎಂದು ಎಲ್ಲದಕ್ಕೂ ತಯಾರಾಗಿದ್ದೆ.

“ಹಾಗಾದ್ರೆ ಆಲ್ಟೊ ಯಾರು?” ಎಂದರು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ಅತ್ತೆ ಇದ್ದಾಳಲ್ಲ” ಎಂದೆ. ಅತ್ತೆಯ ವಿಷಯ ಇಬ್ಬರಿಗೂ ಗೊತ್ತು. ಅಪ್ಪ ಕೊನೆಯ ತಟ್ಟೆ ತೊಳೆದು ಕೊಟ್ಟರು.

“ಮತ್ತೆ... ಶನಿವಾರ ಎರಡನೇ ತಾರೀಕು ಲಾಂಡ್ರಿಲಿ ಹಾಡ್ತೀನಿ. ಲೋಕದ ಹಾಡು. ಮನೆಯವ್ರನ್ನೂ ಕರೆದಿದ್ದಾರೆ.”

ಅಪ್ಪ ಕೈ ಒರೆಸಿಕೊಂಡು ಹೋಗಿ ಮಲಗಿದರು. ಇವತ್ತು ಹಾಡಲಿಲ್ಲ.

ಜುಲೈ 22, ಮಂಗಳವಾರ

ಪಾತ್ರೆ ತೊಳೆದೆವು.

ಜುಲೈ 24, ಗುರುವಾರ

ಪಾತ್ರೆ ತೊಳೆದೆವು. ಚಮಚಗಳು ಇಷ್ಟು ಸದ್ದು ಮಾಡುತ್ತವೆಂದು ಗೊತ್ತೇ ಇರಲಿಲ್ಲ.

ಜುಲೈ 27, ಭಾನುವಾರ

ಸಭೆಗೆ ಹೋಗದ ಮೊದಲ ಭಾನುವಾರ. ಅಪ್ಪ ಒಬ್ಬರೇ ಹೊರಟಾಗ ಅವರ ಅಂಗಿಯ ಕಾಲರ್ ಮಡಚಿಕೊಂಡಿತ್ತು, ಹೋಗಿ ಸರಿಮಾಡಿದೆ. ಸುಮ್ಮನೆ ನಿಂತು ಮಾಡಿಸಿಕೊಂಡರು. ಅಷ್ಟಕ್ಕೇ ನನಗೆ ಸಮಾಧಾನವಾಯಿತು. ಮನೆ ಗುಡಿಸಿದೆ, ಕಿಟಕಿ ಒರೆಸಿದೆ, ಎಲ್ಲರೂ ಹಾಡುತ್ತಿರುವ ಹೊತ್ತಿಗೆ ಏನೂ ಮಾಡದೆ ಕೂತಿದ್ದೆ.

ಮಧ್ಯಾಹ್ನ ಅತ್ತೆ ಬಂದಳು. ಬೈಸಿಕೊಳ್ಳಲು ಕುರ್ಚಿ ಎಳೆದುಕೊಂಡು ಕೂತೆ.

“ಆಲ್ಟೊ ಹೇಗಾಯ್ತು ಅತ್ತೆ?”

“ಹೇಗಾಗತ್ತೆ? ಹಾಡ್ದೆ.”

“ಒಬ್ಳೇನಾ? ನನ್ನ ಬಾಯಿ ನೋಡ್ದೇ?”

“ನೀನು ಹುಟ್ಟೋಕೆ ಮುಂಚಿಂದ ಹಾಡ್ತಿದ್ದೀನಿ ಕಣೇ. ನೀನು ಸೇರ್ಕೊಂಡಾಗ ಸಣ್ಣವಳು, ಒಬ್ಳೇ ಹೆದರ್ತೀಯ ಅಂತ ನಿನ್ನ ಹಿಂದೆ ಹಾಡಿದ್ದು. ಆಮೇಲೆ ಅದೇ ಅಭ್ಯಾಸ ಆಗೋಯ್ತು.”

“ಹಾಗಾದ್ರೆ ಅವತ್ತು ಛತ್ರಿ?”

“ಕಿವಿ ಮಂದ, ಕೆಪ್ಪಿ ಅಲ್ಲ. ಚೆನ್ನಾಗಿತ್ತು, ಹಾಡ್ದೆ.” ಕಾಫಿ ಕುಡಿದು ಲೋಟ ಕೆಳಗಿಟ್ಟಳು. “ನಂಗೆ ಬೇಜಾರಾಗಿದೆ, ಇಲ್ಲ ಅನ್ನಲ್ಲ. ನಿಂಗೋಸ್ಕರ ಪ್ರಾರ್ಥನೆ ಮಾಡ್ತೀನಿ, ಬೇಡ ಅನ್ಬೇಡ. ನಿಮ್ಮಪ್ಪ ಇವತ್ತು ಎರಡು ಸಲ ತಾಳ ತಪ್ಪಿದ.”

ಅಪ್ಪ ತಾಳ ತಪ್ಪಿದ್ದನ್ನು ನಾನು ಯಾವತ್ತೂ ಕೇಳಿಲ್ಲ. ಅತ್ತೆ ಹೋದ ಮೇಲೆ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.

ಆಗಸ್ಟ್ 2, ಶನಿವಾರ

ಹಾಡಿದೆ!

ಇಸ್ತ್ರಿ ಕೋಣೆಯಲ್ಲಿ ರೋಲರ್ ಆರಿಸಿ, ಮೇಜುಗಳನ್ನು ಗೋಡೆಗೆ ಸರಿಸಿ, ಹಾಸಿಗೆ ಬಟ್ಟೆಗಳನ್ನೇ ಪರದೆ ಕಟ್ಟಿದ್ದರು. ಯಜಮಾನರ ಭಾಷಣ ಆಯಿತು. ಬಟ್ಟೆಯ ಮೂಟೆ ಸಾಗಿಸುವ ವ್ಯಾನ್ ಡ್ರೈವರು ಸೊಂಟ ಹಿಡಿದುಕೊಳ್ಳುವವರೆಗೂ ಕುಣಿದರು. ಆಮೇಲೆ ರೇಡಿಯೊ ಅಕ್ಕ ಎದ್ದು, “ಈಗ ನಮ್ಮ ಆಮೆನ್ ಹಾಡ್ತಾಳೆ, ಯಾರೂ ಪ್ರಾರ್ಥನೆ ಅಂತ ಕಣ್ಮುಚ್ಚಬೇಡಿ” ಎಂದಳು.

ಮುಂದೆ ಬಂದು ನಿಂತೆ. ಎಡಕ್ಕೆ ಅತ್ತೆ ಇಲ್ಲ, ಹಿಂದೆ ಟೆನರ್ ಇಲ್ಲ, ಎದುರಿಗೆ ಅಪ್ಪನ ಕೈ ಇಲ್ಲ. ಇಷ್ಟು ಖಾಲಿ ಜಾಗದಲ್ಲಿ ನಾನು ಯಾವತ್ತೂ ಹಾಡಿಲ್ಲ. ಬಾಗಿಲ ಕಡೆ ನೋಡಿದರೆ ಅಪ್ಪ.

ಭಾನುವಾರದ ಅಂಗಿ ಹಾಕಿಕೊಂಡು ಬಂದಿದ್ದರು. ಒಳಗೆ ಬಂದರೂ ಕೂರಲಿಲ್ಲ, ಒಗೆದ ಟವಲುಗಳ ಗುಡ್ಡೆಯ ಪಕ್ಕ ನೆಟ್ಟಗೆ ನಿಂತರು. ಅವರು ನನ್ನನ್ನು ನೋಡಲಿಲ್ಲ, ನನ್ನ ಬಾಯಿಯನ್ನು ನೋಡಿದರು, ಕ್ವಾಯರಿನಲ್ಲಿ ಹೊಸಬರನ್ನು ನೋಡುವಂತೆ.

ಶುರುಮಾಡಿದೆ. ಛತ್ರಿ ಮರೆತು ಹೋದೆಯಲ್ಲ. ಹೆದರಿಕೆಗೆ ಉಸಿರು ಸಾಲಲಿಲ್ಲ. “ಬಾಗಿ” ಎಂಬಲ್ಲೇ ಮುಗಿದುಹೋಯಿತು, ಅಲ್ಲೇ ಎಳೆದುಕೊಂಡು “ಲ ಹಿಂದೆ ಹಾಗೇ ಇದೆ” ಎಂದೆ. ಹಾಳಾಯಿತು ಅಂದುಕೊಂಡೆ. ಆದರೆ ರಾಗ ಕೈಬಿಡಲಿಲ್ಲ. ಜಾರಲಿಲ್ಲ, ಹಳೆಯ ಜಾಗಕ್ಕೆ ಬೀಳಲಿಲ್ಲ. ಎರಡನೇ ಚರಣಕ್ಕೆ ದಿಂಬಿನ ಚೀಲದವರೆಲ್ಲ ಸೇರಿಕೊಂಡರು, ಮೂರನೆಯದಕ್ಕೆ ಯಜಮಾನರೂ. ಅಷ್ಟು ಜನರ ದನಿ ನನ್ನ ದನಿಯ ಕೆಳಗೆ! ಮುಗಿದಾಗ ಎಲ್ಲರೂ ಮಾತಾಡಿಕೊಂಡವರಂತೆ ಒಟ್ಟಿಗೆ ಕೂಗಿದರು, “ಆ...ಮೆನ್!” ನಾನೂ ಕೂಗಿದೆ. ಇಷ್ಟು ಖುಷಿ ನನಗೆ ಯಾವಾಗ ಆಗಿತ್ತೋ ನೆನಪಿಲ್ಲ.

ನೋಡಿದರೆ ಅಪ್ಪ ಇರಲಿಲ್ಲ. ಟವಲು ಗುಡ್ಡೆಯ ಹತ್ತಿರ ಕೂತಿದ್ದವರನ್ನು ಕೇಳಿದರೆ, ಹಾಡು ಮುಗಿದ ಕೂಡಲೇ ಹೊರಟುಹೋದರು ಎಂದರು. ಮನೆಗೆ ಬಂದಾಗ ಅವರ ಕೋಣೆಯ ದೀಪ ಆರಿತ್ತು.

ಆಗಸ್ಟ್ 3, ಭಾನುವಾರ

ಅಪ್ಪ ಸಭೆಗೆ ಹೋಗಿ ಬಂದರು. ಊಟ ಮಾಡಿದೆವು. ರೇಡಿಯೊದಲ್ಲಿ ವಾರ್ತೆ ಮುಗಿಯುವ ಮೊದಲೇ ಅವರ ಕೈ ಗುಂಡಿಗೆ ಹೋಗಿ ಆರಿಸಿತು, ಎಂದಿನ ಹಾಗೆ. ಸರಿ, ಏನೂ ಬದಲಾಗಿಲ್ಲ ಅಂದುಕೊಂಡು ಒರೆಸುವ ಬಟ್ಟೆ ಹಿಡಿದು ನಿಂತೆ.

ಮೂರು ತಟ್ಟೆ ಆದ ಮೇಲೆ ಅಪ್ಪ ಹೇಳಿದರು.

“ನಿನ್ನೆ ಬಾಗಿಲನ್ನ ಎರಡು ತುಂಡು ಮಾಡ್ದೆ.”

“ಗೊತ್ತಪ್ಪ.”

“ಬಾಗಿ ಅಂತ ಒಂದು, ಲ ಅಂತ ಒಂದು. ಎರಡು ತುಂಡಾದ ಬಾಗಿಲಿಗೆ ಬೀಗ ಎಲ್ಲಿ ಹಾಕೋದು?”

ತಿರುಗಿ ನೋಡಿದೆ. ಮುಖ ಗಂಭೀರವಾಗಿಯೇ ಇತ್ತು, ಕಣ್ಣು ಮಾತ್ರ ಆಟವಾಡುತ್ತಿತ್ತು. ಎರಡು ವಾರದಿಂದ ಕಾದಿದ್ದೆನಲ್ಲ, ನನ್ನ ಕಣ್ಣು ತುಂಬಿತು.

“ಹಾಡಪ್ಪ ನೀನೂ” ಎಂದೆ, ಬಾಯಿ ತಪ್ಪಿ.

“ನಾನು ಹಾಡೋ ಹಾಗಿಲ್ಲ. ಪ್ರತಿಜ್ಞೆ ಇದೆ. ನಾನು ನಂಬ್ತೀನಿ, ನಂಬ್ತಾನೇ ಇರ್ತೀನಿ. ಅದ್ರಲ್ಲಿ ನಿಂಗೆ ಅನುಮಾನ ಬೇಡ.”

“ಇಲ್ಲಪ್ಪ.”

ಅಪ್ಪ ಲೋಟ ತೊಳೆದರು. ಬೆಳಕಿಗೆ ಹಿಡಿದು ನೋಡಿ ಮತ್ತೆ ತೊಳೆದರು.

“ಆದ್ರೆ ಬೇಸ್‌ಗೆ ಮಾತು ಬೇಕು ಅಂತೇನಿಲ್ಲ. ಮ್... ಅಂತ ಅಂದ್ರೂ ನಡೆಯತ್ತೆ. ಮಾತೇ ಇಲ್ದಿದ್ದು ಲೋಕದ್ದು ಹೇಗಾಗತ್ತೆ?”

ಇಷ್ಟು ಹೇಳಿ, ಗಂಟಲು ಸರಿಮಾಡಿಕೊಂಡು, ಬಾಯಿ ಮುಚ್ಚಿಕೊಂಡೇ ಶುರುಮಾಡಿದರು. ಛತ್ರಿಯ ಬೇಸ್! ಒಂದೇ ಒಂದು ಸಲ ಕೇಳಿದ್ದು, ಅದೂ ಗಲಾಟೆಯಲ್ಲಿ. ಒಂದು ಸ್ವರವೂ ಆಚೀಚೆ ಇರಲಿಲ್ಲ. ನಿನ್ನೆ ದೀಪ ಆರಿಸಿ ಮಲಗಿ ಏನು ಮಾಡುತ್ತಿದ್ದರೆಂದು ಈಗ ಗೊತ್ತಾಯಿತು.

ನಾನು ರಾಗ ಹಿಡಿದೆ. ಅಮ್ಮ ಹೋದ ಮೇಲೆ ನಮ್ಮ ಅಡುಗೆಮನೆಯಲ್ಲಿ ರಾಗ ಕೇಳಿದ್ದು ಇದೇ ಮೊದಲು. ಈಗ ಇಲ್ಲದಿರುವುದು ಆಲ್ಟೊ, ಅದು ಅಷ್ಟು ದೊಡ್ಡ ಕೊರತೆಯಲ್ಲ. ಇವತ್ತಾದರೂ ಮೇಷ್ಟ್ರ ಎದುರು ಸರಿಯಾಗಿ ಹಾಡಬೇಕೆಂದು ಮೊದಲೇ ಎದೆ ತುಂಬ ಉಸಿರು ತುಂಬಿಕೊಂಡೆ. “ಬಾಗಿಲ ಹಿಂದೆ” ಎಂದು ಎಲ್ಲೂ ನಿಲ್ಲಿಸದೆ, ಒಂದೇ ಎಳೆಯಲ್ಲಿ ಹಾಡಿ ಮುಗಿಸಿದೆ.

ಬೇಸ್ ನಿಂತುಹೋಯಿತು. ಅಪ್ಪ ನಲ್ಲಿಯನ್ನೂ ನಿಲ್ಲಿಸಿದರು. ಸೋಪಿನ ನೊರೆಯ ಕೈಗಳನ್ನು ಹಾಗೇ ಮೇಲಕ್ಕೆ ಹಿಡಿದಿದ್ದರು, ಹಾಡು ಶುರುಮಾಡಿಸುವಾಗ ಎತ್ತುವ ಹಾಗೆ. ಮೊಣಕೈಯವರೆಗೂ ನೀರು ಇಳಿಯುತ್ತಿತ್ತು.

“ಸರಿಯಾಗಿತ್ತಲ್ಲಪ್ಪ?”

“ಸರಿಯಾಗಿತ್ತು” ಎಂದರು. “ನಿಮ್ಮಮ್ಮನಿಗೂ ಹೇಳಿ ಹೇಳಿ ಸಾಕಾಗಿತ್ತು.” ಎತ್ತಿದ ಕೈ ಇಳಿಸಲಿಲ್ಲ. “ಮೊದ್ಲಿಂದ ಹಾಡು. ನಿನ್ನೆ ತಗೊಂಡ್ಯಲ್ಲ, ಅಲ್ಲೇ ಉಸಿರು ತಗೋ.”

ತೆಗೆದುಕೊಂಡೆ.